ಯಾರ ಮನಿ ಕಟ್ಟಿಗಿ?

ಮೂವತ್ತೊಂದು ವರ್ಷ ನಾನು ಬಸ್ ಕಂಡಕ್ಟರ್ ಆಗಿದ್ದೆ. ಮೂಡಲಗಿ ಬಿಟ್ಟು ಕಲ್ಲೋಳಿ, ಗೋಕಾಕ, ಘಟಪ್ರಭಾ ಹಾದು ಹುಕ್ಕೇರಿ ಮುಟ್ಟುವ ಬಸ್ಸು. ಆ ರಸ್ತೆಯಲ್ಲಿ ನನಗೆ ಸುಳ್ಳು ಹೇಳದವರನ್ನು ಬೆರಳಲ್ಲಿ ಎಣಿಸಬಹುದು. ಮೀಸೆ ಚಿಗುರಿದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು "ಇನ್ನೂ ಸಾಲಿಗೆ ಹಾಕಿಲ್ರಿ" ಎನ್ನುವ ತಾಯಂದಿರು, ನನ್ನ ಸೀಟಿ ಕೇಳಿದೊಡನೆ ಗೊರಕೆ ಹೊಡೆಯುವ ಪೈಲವಾನರು, "ಟಿಕೀಟ್ ಗಾಳಿಗೆ ಹಾರಿ ಹೋತ್ರಿ" ಎನ್ನುವ ಮಾಸ್ತರರು. ಕೊನೆಕೊನೆಗೆ ಬಾಯಿ ತೆರೆಯುವ ಮೊದಲೇ ಮುಖ ನೋಡಿ ಇವನು ಸುಳ್ಳ, ಇವಳು ಸುಳ್ಳಿ ಎಂದು ಹೇಳುವಷ್ಟು ಪಳಗಿದ್ದೆ. ಹಾಗೆಂದು ನಂಬಿದ್ದೆ. "ದೇವರ ಪ್ರತ್ಯಕ್ಷ ಆದ್ರೂ ನೀವು ಟಿಕೀಟ್ ಕೇಳಾವ್ರ" ಎಂದು ನನ್ನ ಹೆಂಡತಿ ಶೋಭಾ ಹಂಗಿಸುತ್ತಾಳೆ. ಕೇಳಿದರೆ ತಪ್ಪೇನು? ಬೆಳ್ಳಗಿರುವುದೆಲ್ಲ ಹಾಲಲ್ಲ.

ನಮ್ಮೂರು ಕಲ್ಲೋಳಿಯಲ್ಲಿ ಈ ವಿದ್ಯೆಯಲ್ಲಿ ನನಗೆ ಸರಿಗಟ್ಟುವವನು ಒಬ್ಬನೇ. ಹಳೆ ಕಟ್ಟಿಗೆ ವ್ಯಾಪಾರಿ ಗಫಾರ. ನಾನು ಹೇಳಹೊರಟಿರುವುದು ಅವನ ಕತೆ. ನನ್ನ ಕತೆ ನಡುವೆ ಬಂದರೆ ಅದು ನನ್ನ ಕರ್ಮ.

ಮೂಡಲಗಿ ರಸ್ತೆಯ ಬಲಕ್ಕೆ ಅವನ ಕಟ್ಟಿಗೆ ವಖಾರಿ ಇದೆ. ಜನ ಮಣ್ಣಿನ ಮಾಳಿಗೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸತೊಡಗಿದ ಮೇಲೆ ಅವನ ವಖಾರಿ ಬೆಳೆಯಿತು. ತೊಲೆ, ಜಂತಿ, ಕಂಬ, ಬಾಗಿಲು, ಹೊಸ್ತಿಲು ಎಲ್ಲವನ್ನೂ ಕೊಳ್ಳುತ್ತಾನೆ, ಮಾರುತ್ತಾನೆ. ಅವನ ಅಪ್ಪ ಗರಗಸ ಎಳೆಯುವವನು. ಆಗ ಮಷೀನು ಇರಲಿಲ್ಲ. ದಿಮ್ಮಿಯನ್ನು ಕುಣಿಯ ಮೇಲೆ ಅಡ್ಡ ಇಟ್ಟು ಮೇಲೊಬ್ಬ ಕೆಳಗೊಬ್ಬ ನಿಂತು ಕೊಯ್ಯುತ್ತಿದ್ದರು. ಕೆಳಗೆ ನಿಲ್ಲುವವನು ಗಫಾರ. ಕಟ್ಟಿಗೆ ಪುಡಿ ಕಣ್ಣಿಗೆ ಬೀಳದಂತೆ ತಲೆ ವಾರೆ ಮಾಡಿ ನೋಡುವುದು ಆಗ ರೂಢಿಯಾದದ್ದು ಇವತ್ತಿಗೂ ಹೋಗಿಲ್ಲ. ಮಂದಿಯನ್ನೂ ವಾರೆಯಾಗಿಯೇ ನೋಡುತ್ತಾನೆ. ಹೊಸಬರಿಗೆ, ಇವನು ನನ್ನನ್ನು ಕಳ್ಳ ಎಂದುಕೊಂಡಿದ್ದಾನೆ ಎನ್ನಿಸುತ್ತದೆ. ಬಹಳ ಸಲ ಅದು ನಿಜವೇ ಆಗಿರುತ್ತದೆ.

ಮನುಷ್ಯ ಸಿಹಿ ಅಲ್ಲ. ಮಾತು ಖಡಕ್ಕು, ಕೈ ಬಿಗಿ. ಅವನ ವಖಾರಿಗೆ ಹೋದವರಿಗೆ ಚಹಾ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಆದರೆ ಒಂದು ಮಾತಿನಲ್ಲಿ ಅವನನ್ನು ಯಾರೂ ಹಿಡಿದಿರಲಿಲ್ಲ: ಯಾವ ಕಟ್ಟಿಗೆ ಯಾರ ಮನೆಯದು ಎಂಬುದರಲ್ಲಿ.

ಅದಕ್ಕೊಂದು ಕಾರಣವಿದೆ. ಅವನು ವ್ಯಾಪಾರ ಶುರು ಮಾಡಿದ ಎರಡನೇ ವರ್ಷ ಮಸಗುಪ್ಪಿಯ ಲಕ್ಕಪ್ಪ ಎಂಬ ರೈತ ಒಂದು ಜೋಡು ಬಾಗಿಲು ಒಯ್ದ. ಒಳ್ಳೆಯ ಸಾಗವಾನಿ, ಹಿತ್ತಾಳೆ ಗುಬ್ಬಿ ಹೊಡೆದದ್ದು. ತಿಂಗಳು ತುಂಬುವುದರೊಳಗೆ ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು ವಖಾರಿಯ ಮುಂದೆ ಕೆಡವಿದ. ಹಸಿಮೈ ಬಾಣಂತಿಯನ್ನು ಹೊರಗೆ ಹಾಕಿ ಅಗಳಿ ಜಡಿದ ಮನೆಯ ಬಾಗಿಲು ಅದು. ಸಂತೆಯಲ್ಲಿ ಯಾರೋ ಲಕ್ಕಪ್ಪನ ಹೆಂಡತಿಗೆ ಹೇಳಿದ್ದರು. ಆಕೆ ಆ ಬಾಗಿಲು ದಾಟಿ ಒಳಗೆ ಬರುವುದಿಲ್ಲ ಎಂದು ಹಟ ಹಿಡಿದು ದನದ ಕೊಟ್ಟಿಗೆಯಲ್ಲಿ ಮಲಗಿದ್ದಳು. "ಯಾರ ಮನಿ ಕಟ್ಟಿಗಿ ಅಂತ ಗೊತ್ತಿಲ್ಲದ ಮಾರತಿ ಏನೋ?" ಎಂದು ಲಕ್ಕಪ್ಪ ನಾಲ್ಕು ಜನರ ಮುಂದೆ ಕೇಳಿದ. 

ಅಂದಿನಿಂದ ಯಾರ ಮನೆಗೆ ಕಟ್ಟಿಗೆ ಕೊಳ್ಳಲು ಹೋದರೂ ಮೂರು ಪ್ರಶ್ನೆ. ಮನಿ ಯಾರದು? ಯಾಕ ಕೆಡವಿದ್ರಿ? ಮಾಳಗಿ ಕೆಳಗ ಏನರ ಆಗಿತ್ತೇನು? ಮನೆಯವರು ಹೇಳಿದ್ದನ್ನು ನಂಬುವ ಆಸಾಮಿಯಲ್ಲ. ಬಾಜೂ ಮನೆಯ ಮುದುಕಿಯನ್ನು ಕೇಳುತ್ತಾನೆ, ಎದುರು ಮನೆಯ ಕ್ಷೌರಿಕನನ್ನು ಕೇಳುತ್ತಾನೆ, ಆಮೇಲೆ ಕಟ್ಟಿಗೆಯನ್ನೇ ಕೇಳುತ್ತಾನೆ. ಬೆರಳ ಗಂಟಿನಿಂದ ಬಡಿದು ಕಿವಿ ಹಚ್ಚುತ್ತಾನೆ, ಉಗುರಿನಿಂದ ಗೀರಿ ಮೂಸುತ್ತಾನೆ, ಕೈಯಿಂದ ಉದ್ದಕ್ಕೂ ಸವರುತ್ತಾನೆ.

ಎಲ್ಲ ತಿಳಿದ ಮೇಲೆ ಯಾವುದು ಎಲ್ಲಿಗೆ ಎಂದು ನಿರ್ಧಾರ. ತುಂಬಿದ ಮನೆಯ ತೊಲೆ ಹೊಸ ಮನೆಗೆ. ಹತ್ತು ಮಕ್ಕಳು ಅಪ್ಪಿಕೊಂಡು ಬೆಳೆದ ಕಂಬ ಸಿಕ್ಕರೆ ತೊಟ್ಟಿಲಿಗೆ. ಗಟ್ಟಿ ಜಾಲಿ ಇದ್ದರೆ ಕೂರಿಗೆಯ ದಿಂಡಿಗೆ. ಅಣ್ಣತಮ್ಮಂದಿರು ಪಾಲಿಗಾಗಿ ಗೋಕಾಕದ ಕೋರ್ಟಿಗೆ ಅಲೆದು ಕೆಡವಿದ ಮನೆಯದಾದರೆ ಅದು ಬಾಗಿಲಿಗಿಲ್ಲ, ಚಹಾದಂಗಡಿಯ ಬೆಂಚಿಗೆ. "ಅಲ್ಲಿ ಹೆಂಗೂ ದಿನಾ ಜಗಳ ಇರ್ತಾವ, ಹೊಂದಿಕೋತೈತಿ" ಎನ್ನುತ್ತಿದ್ದ. ಗೆದ್ದಲು ಹತ್ತಿದ್ದು ಬೆಲ್ಲದ ಗಾಣದ ಒಲೆಗೆ. ಅವರ ಜನರಲ್ಲಿ ಯಾರಾದರೂ ತೀರಿಕೊಂಡರೆ ಕಬರಿನೊಳಗೆ ಮಣ್ಣು ಮೈಮೇಲೆ ಬೀಳದಂತೆ ಅಡ್ಡ ಹಾಕುವ ಹಲಗೆಗಳೂ ಅವನ ವಖಾರಿಯಿಂದಲೇ ಹೋಗುತ್ತಿದ್ದವು. ಅದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಚಹಾ ಕುಡಿಸದವನು ಹಲಗೆ ಪುಕ್ಕಟೆ ಕೊಡುತ್ತಾನೆಂದರೆ ಇದರಲ್ಲೇನೋ ಮಸಲತ್ತು ಇದೆ ಎಂದು ನಾನು ಬಹಳ ದಿನ ತಲೆ ಕೆರೆದುಕೊಂಡಿದ್ದೇನೆ.

ಇನ್ನೊಂದು ಪದ್ಧತಿ ಇತ್ತು. ಬಸವಲಿಂಗನ ಕಟ್ಟಿಗೆ ಕೊಯ್ಯುವ ಮಿಲ್ಲಿಗೆ ಮಾಲು ತಂದಾಗ ಪ್ರತಿಯೊಂದನ್ನೂ ಗರಗಸಕ್ಕೆ ಕೊಡುವ ಮುನ್ನ ಅದರ ಮೇಲೆ ಕೈಯಿಟ್ಟು ಮನೆಯ ಹೆಸರು ಕೂಗುತ್ತಿದ್ದ. "ಮಸಗುಪ್ಪಿ ಬೀರಸಿದ್ದಪ್ಪನ ಮನಿ ಕಂಬ!" "ಮೂಡಲಗಿ ಅಕ್ಕವ್ವನ ಮನಿ ಜಂತಿ!" ಹೆಸರು ಗೊತ್ತಿಲ್ಲದ ಕಟ್ಟಿಗೆಯನ್ನು ಕೊಯ್ಯಿಸುತ್ತಿರಲಿಲ್ಲ. ಇದು ಮಂತ್ರ ಎಂದು ಕೆಲವರು, ಹುಚ್ಚು ಎಂದು ಕೆಲವರು. ಬಸವಲಿಂಗ ಒಮ್ಮೆ ಕೇಳಿಯೇಬಿಟ್ಟ, "ಗಫಾರಭಾಯ್, ಮಷೀನಿಗೆ ಕಿವಿ ಅದಾವೇನ್ರಿ?"

"ಮಷೀನಿಗಲ್ಲೋ ಮಾರಾಯಾ. ಕೊಯ್ದ ಮ್ಯಾಲೆ ಇದು ಬರೇ ಹಲಗಿ. ಮನಿ ಹೆಸರ ಹೇಳೂದು ಇದ ಕಡೀ ಸಲ."

ಈಗ ನನ್ನ ಮನೆಯ ಮಾತು.

ನಿವೃತ್ತಿಯಾದ ಮೇಲೆ ನಾನೂ ಹಳೆ ಮನೆ ಕೆಡವತೊಡಗಿದೆ. ಪಡಸಾಲೆಯ ನಡುವಿನ ತೊಲೆ ನಮ್ಮ ಅಜ್ಜ ಹಾಕಿಸಿದ್ದು. ಸಾಗವಾನಿ, ಎರಡು ಕೈಯಿಂದ ಅಪ್ಪಿದರೂ ತೆಕ್ಕೆಗೆ ಸಿಗದಂಥದ್ದು. ಅದನ್ನು ಸುಟ್ಟುಬಿಡಬೇಕೆಂದಿದ್ದೆ. ಆದರೆ ಸಾಗವಾನಿ ತೊಲೆ ಸುಟ್ಟರೆ ಊರು ಯಾಕೆ ಎಂದು ಕೇಳುತ್ತದೆ. ಅದಕ್ಕೇ ಉಳಿದ ಕಟ್ಟಿಗೆಯೊಡನೆ ಅದನ್ನೂ ಗಫಾರನಿಗೇ ಕೊಡುವುದೆಂದು ಮಾಡಿದೆ. ಅವನು ಬಂದ, ಬಡಿದ, ಮೂಸಿದ. ಏಣಿ ಹತ್ತಿ ಆ ತೊಲೆಯ ಮೇಲ್ಮೈಯನ್ನು ಕೈಯಿಂದ ಸವರುತ್ತ ಸವರುತ್ತ ಒಂದು ಕಡೆ ನಿಂತ. 

"ಕಂಡಕ್ಟರ್ ಸಾಹೇಬ್ರ, ಮಾಳಗಿ ಕೆಳಗ ಏನರ ಆಗಿತ್ತೇನ್ರಿ?"

"ಏನಾಗತೈತ್ರಿ? ಅಜ್ಜ ವಯಸ್ಸಾಗಿ ಹೋದ. ಅಪ್ಪ ಅವ್ವ ವಯಸ್ಸಾಗಿ ಹೋದ್ರು."

"ಮತ್ತ?"

"ಮತ್ತೇನಿಲ್ಲ."

"ಈ ತೊಲಿಗೆ ಜೋಕಾಲಿ ಕಟ್ಟತಿದ್ರೇನು?"

"ಪಂಚಮಿಗೆ ಎಲ್ಲಾರ ಮನ್ಯಾಗೂ ಕಟ್ಟತಾರ."

"ಹೌದ್ರಿ, ಎಲ್ಲಾರೂ ಕಟ್ಟತಾರ," ಎಂದ. ವಾರೆಯಾಗಿ ನೋಡಿ ಏಣಿ ಇಳಿದ.

ಬಾಜೂ ಮನೆಯವರನ್ನು ಕೇಳಿದರೆ ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ನನ್ನ ತಂಗಿ ಕಾಡವ್ವ ಮೂವತ್ತು ವರ್ಷದ ಹಿಂದೆ ಪಂಚಮಿಗೆ ತವರಿಗೆ ಬಂದವಳು ಹಾವು ಕಚ್ಚಿ ಸತ್ತಳು. ಊರಿಗೆ ಗೊತ್ತಿದ್ದದ್ದು ಅಷ್ಟು. ಎಲ್ಲದರಲ್ಲೂ ಹುಳುಕು ಹುಡುಕುವ ನಮ್ಮೂರು ಆ ಮಾತನ್ನು ಮಾತ್ರ ತುಟಿ ಎರಡು ಮಾಡದೆ ನಂಬಿತು. ನಾಗಪ್ಪನ ಹಬ್ಬದಲ್ಲಿ ನಾಗಪ್ಪನ ಹೆಸರು ಹೇಳಿದರೆ ಸಂಶಯಪಡಲು ಯಾರಿಗೆ ಧೈರ್ಯ?

ನಡೆದದ್ದು ಬೇರೆ. ಅವಳನ್ನು ಹುಕ್ಕೇರಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಆ ವರ್ಷ ಪಂಚಮಿಗೆ ಬಂದವಳು ಜೋಕಾಲಿಯ ಮೇಲೆ ಕೂರುತ್ತಿದ್ದಳು, ಜೀಕುತ್ತಿರಲಿಲ್ಲ. ಹಬ್ಬ ಮುಗಿದು ಮೂರನೇ ದಿನ ಉಂಡಿ ಕಟ್ಟಿ ಅವಳನ್ನು ವಾಪಸು ಕಳಿಸುವ ತಯಾರಿ. ನನ್ನ ಬಸ್ಸಿನಲ್ಲೇ ಹೋಗುವುದೆಂದು ಅಪ್ಪ ಹೇಳಿದ್ದ. ಹಿಂದಿನ ಸಂಜೆ ನಾನು ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದಾಗ ನೀರಿನ ತಂಬಿಗೆ ಹಿಡಿದುಕೊಂಡು ಹತ್ತಿರ ಬಂದಳು.

"ಅಣ್ಣಾ, ನನ್ನ ಅಲ್ಲಿಗೆ ಕಳಸಬ್ಯಾಡ. ಈ ಸಲ ಹೋದ್ರ ನಾ ಉಳಿಯೂದಿಲ್ಲ."

ನಾನು ಅವಳ ಮುಖ ನೋಡಿದೆ. ದಿನಾ ನೂರು ಮುಖ ನೋಡುವ ಕಣ್ಣು ನನ್ನದು. ಗಂಡನೊಡನೆ ಸಣ್ಣ ಜಗಳ, ತವರಿನ ಹುಗ್ಗಿ ಹೋಳಿಗೆಯ ರುಚಿ, ಎಂದು ಲೆಕ್ಕ ಹಾಕಿದೆ. "ಇಂಥಾ ನಾಟಕ ಬಸ್ಸಿನಾಗ ದಿನಾ ನೋಡತೇನಿ. ಮುಂಜಾನೆ ಹತ್ತರ ಗಾಡಿಗೆ ತಯಾರಾಗು," ಎಂದೆ. ಅವಳು ತಂಬಿಗೆ ಕೆಳಗಿಟ್ಟು ಹೋದಳು.

ಮುಂಜಾನೆ ಎಲ್ಲರೂ ಹೊಲದಲ್ಲಿದ್ದೆವು. ತಿರುಗಿ ಬಂದಾಗ ಆ ತೊಲೆಯ ಕೆಳಗೆ ಎಲ್ಲ ಮುಗಿದಿತ್ತು. ನಾನು ಅವಳನ್ನು ಹಿಡಿದುಕೊಂಡೆ, ಅಪ್ಪ ಕುಡಗೋಲಿನಿಂದ ಹಗ್ಗ ಕೊಯ್ದ. ಮಧ್ಯಾಹ್ನದೊಳಗೆ ಮಣ್ಣು ಮಾಡಿದೆವು. ಮರುದಿನ ಅಪ್ಪ ಮೇಣದಲ್ಲಿ ಕಟ್ಟಿಗೆ ಪುಡಿ ಕಲಸಿ ಕುಡಗೋಲಿನ ಏಟನ್ನು ತುಂಬಿ ಮೇಲೆ ಬಣ್ಣ ಬಳಿದ. ವರ್ಷದೊಳಗೆ ಅವಳ ಗಂಡ ಇನ್ನೊಂದು ಮದುವೆಯಾದ. ಆಮೇಲೆ ಎಷ್ಟೋ ಸಲ ಅವನು ನನ್ನ ಬಸ್ಸು ಹತ್ತಿದ. ನಾನು ಟಿಕೀಟು ಹರಿದು ಕೊಟ್ಟೆ, ಉಳಿದ ಚಿಲ್ಲರೆಯನ್ನೂ ಕೊಟ್ಟೆ. ಶೋಭಾ ಈ ಮನೆಗೆ ಬಂದದ್ದು ಆಮೇಲೆ. ಅವಳಿಗೂ ಹಾವೇ ಗೊತ್ತಿದ್ದದ್ದು.

ತೊಲೆ ಹೋಯಿತು, ಪೀಡೆ ಕಳೆಯಿತು ಎಂದುಕೊಂಡೆ. ಹೋಗಿ ಎಲ್ಲಿ ನಿಲ್ಲಬೇಕು? ವಖಾರಿಯಲ್ಲೇ ನಿಂತಿತು.

ನಮ್ಮ ಮನೆಯ ಜಂತಿಗಳು ಹೋದವು, ಕಂಬ ಹೋದವು, ಹೊಸ್ತಿಲೂ ಹೋಯಿತು. ತೊಲೆ ಮಾತ್ರ ಹಿಂದಿನ ಗೋಡೆಗೆ ಹತ್ತಿ ಮಲಗಿತ್ತು, ಮೇಲೆ ತಾಡಪತ್ರಿ. ಒಂದು ಮಳೆಗಾಲ ಕಳೆಯಿತು, ಇನ್ನೊಂದು ಬಂತು. ದಿನಾ ಸ್ಕೂಟರಿನ ಮೇಲೆ ಆ ದಾರಿಯಲ್ಲಿ ಹೋಗಿ ನೋಡಿಬರುವುದು ನನಗೆ ಚಟವಾಯಿತು. ಗಫಾರ ಅದನ್ನು ಯಾಕೆ ಮಾರುತ್ತಿಲ್ಲ? ಗೊತ್ತಾಗಿದೆಯೇ? ಗೊತ್ತಾಗಿದ್ದರೆ ಬಾಯಿ ಬಿಡುತ್ತಿಲ್ಲ ಯಾಕೆ? ಏನು ಬೇಡಲು ಕಾದಿದ್ದಾನೆ? ರಸ್ತೆಯಲ್ಲಿ ಸಿಕ್ಕರೆ "ಆರಾಮ ಅದೀರೇನ್ರಿ?" ಎನ್ನುತ್ತಿದ್ದ. ಆ ಆರಾಮದಲ್ಲೂ ನನಗೆ ಮುಳ್ಳು ಕಾಣುತ್ತಿತ್ತು.

ಈ ವರ್ಷ ಬಾಳೇಶ ಹೊಸ ಮನೆ ಕಟ್ಟಿಸಿದ. ಕಬ್ಬಿನ ಹೊಲದವನು, ನಮ್ಮ ಓಣಿಯವನೇ, ಬಾಯಿ ಸ್ವಲ್ಪ ದೊಡ್ಡದು. ಮಗಳ ಮದುವೆಯಾದ ಮೇಲೆ ಮೊದಲ ಪಂಚಮಿ. ಪಡಸಾಲೆಗೆ ಹಳೆಯ ಸಾಗವಾನಿ ತೊಲೆ ಹಾಕಿಸಿ ಅದಕ್ಕೆ ಜೋಕಾಲಿ ಕಟ್ಟಿಸಬೇಕೆಂಬ ಆಸೆ ಅವನಿಗೆ. ವಖಾರಿಗೆ ಹೋಗಿ ತಾಡಪತ್ರಿ ಎತ್ತಿ ನೋಡಿದನಂತೆ. ಗಫಾರ ಓಡಿಬಂದು ಮುಚ್ಚಿದನಂತೆ. ಚಹಾದಂಗಡಿಯಲ್ಲಿ ಹತ್ತು ಜನರ ನಡುವೆ ಬಾಳೇಶ ನನ್ನನ್ನು ಹಿಡಿದ.

"ಗುರುಪಾದಣ್ಣ, ನಿಮ್ಮ ಮನಿ ತೊಲಿ ಅದು. ಎಷ್ಟರ ಕೇಳು, ಕೊಡತೇನಿ ಅಂದೆ. 'ಅದು ಮಾರೂದಲ್ಲ' ಅಂದ. ವ್ಯಾಪಾರಸ್ಥ ಮಾರೂದಲ್ಲ ಅಂದ್ರ ಏನ ಅರ್ಥ? ಅದರಾಗ ಏನೈತಿ?"

ಹತ್ತು ಜೋಡಿ ಕಣ್ಣು ನನ್ನ ಮೇಲೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಹೆಗಲಿಗೆ ಹೋಗುವುದೊಂದು ಬಾಕಿ. ಆ ಕಣ್ಣುಗಳನ್ನು ಬೇರೆ ಕಡೆ ತಿರುಗಿಸಬೇಕಿತ್ತು. ಚಹಾ ಗುಟುಕರಿಸಿ ಹೇಳಿದೆ:

"ನಮ್ಮ ಅಜ್ಜ ಬಂಗಾರ ಎಲ್ಲಿ ಇಟ್ಟಿದ್ದನೋ, ಕಡೀತನಾ ಯಾರಿಗೂ ಹೇಳಲಿಲ್ಲ ನೋಡ್ರಿ."

ಅಷ್ಟೇ. ಅಜ್ಜನಲ್ಲಿ ಬಂಗಾರ ಇದ್ದರಲ್ಲವೇ ಹೇಳಲು? ಆದರೆ ಹಳೆ ಕಾಲದವರು ಗೋಡೆಯಲ್ಲಿ, ತೊಲೆಯಲ್ಲಿ ಪೊಟರೆ ಕೊರೆದು ಒಡವೆ ಇಡುತ್ತಿದ್ದುದು ಎಲ್ಲರಿಗೂ ಗೊತ್ತು.  ಬಾಳೇಶ ತೊಡೆ ತಟ್ಟಿಕೊಂಡ.

ಎಂಟು ದಿನದಲ್ಲಿ ಮಾತಿಗೆ ಕಾಲು ಬಂದು ಗೋಕಾಕ ಮುಟ್ಟಿತು. ಹಿಂದೆ ಅವನಿಗೆ ಕಟ್ಟಿಗೆ ಮಾರಿದವರೆಲ್ಲ ತಮ್ಮ ಮನೆಯ ತೊಲೆಯಲ್ಲಿ ಏನೇನು ಇದ್ದಿರಬಹುದೆಂದು ನೆನಪಿಸಿಕೊಳ್ಳತೊಡಗಿದರು. ಅಕ್ಕನ ಬುಗುಡಿ, ಅಜ್ಜಿಯ ಗೆಜ್ಜೆಟೀಕಿ, ಕಳೆದದ್ದೆಲ್ಲ ಗಫಾರನ ವಖಾರಿಯಲ್ಲೇ ಹೊಕ್ಕಿದೆ ಎಂದಾಯಿತು. ಮನೆ ಕೆಡವುವವರು ಅವನನ್ನು ಕರೆಯುವುದನ್ನು ಬಿಟ್ಟು ಗೋಕಾಕದ ಬೇರೆ ವ್ಯಾಪಾರಿಯನ್ನು ಕರೆದರು. "ಇಷ್ಟ ದಿನ ಯಾರ ಮನಿದು ಅಂತ ಅಂವ ಕೇಳತಿದ್ದಿದ್ದು ಇದಕ್ಕ ನೋಡ್ರಿ, ಯಾರ ಹಂತೇಲಿ ಬಂಗಾರ ಐತಿ ಅಂತ ತಿಳಕೊಳ್ಳಾಕ" ಎಂದು ಒಬ್ಬ ಅಂದ. ನಲವತ್ತು ವರ್ಷ ಅವನ ಹೆಸರು ಕಾದದ್ದೇ ಆ ಪ್ರಶ್ನೆ. ಅದೇ ಈಗ ಅವನ ಕುತ್ತಿಗೆಗೆ ಬಂತು.  ಕೇಳಿದವರಿಗೆ ಗಫಾರನದು ಒಂದೇ ಉತ್ತರ, "ತೊಲಿ ಮಾರೂದಲ್ಲ."

ನಾನು ಸುಮ್ಮನಿದ್ದೆ. ಸುಮ್ಮನಿರುವುದು ಸುಲಭ ಎಂದು ತಿಳಿದಿದ್ದೆ.

ಒಂದು ಮಧ್ಯಾಹ್ನ ಗಫಾರನ ಹೆಂಡತಿ ರಶೀದಾಬಿ ನಮ್ಮ ಮನೆಗೆ ಬಂದಳು. ಶೋಭಾ ಒಳಗೆ ಕರೆದರೂ ಬರದೆ ಕಟ್ಟೆಯ ಮೇಲೆಯೇ ಕೂತಳು.

"ಅಣ್ಣಾರ, ನಲವತ್ತು ವರ್ಷ ಈ ಮನಿಷ್ಯಾನ ಕೂಡ ಬಾಳೇವಿ ಮಾಡೇನಿ. ಬಾಯಿ ಕೆಟ್ಟದ್ದು, ಕೈ ಗಿಡ್ಡ, ಎಲ್ಲಾ ಖರೆ. ಕಳವು ಮಾತ್ರ ಮಾಡೂದಿಲ್ರಿ. ಮೊಮ್ಮಗಳು ಉಜ್ಮಾ ಸಾಲಿಗೆ ಹೋಗಾಕ ಒಲ್ಲೆ ಅಂತಾಳ. ಹುಡುಗೂರು 'ಬಂಗಾರದ ತೊಲಿ' ಅಂತ ಕಾಡತಾವಂತ. ಆ ತೊಲಿಯಾಗ ಏನೈತಿ ಅಂತ ನನಗೂ ಅವರು ಹೇಳವಲ್ರು. ನಿಮ್ಮ ಮನಿದಲ್ಲೇನ್ರಿ ಅಣ್ಣಾರ? ನೀವರ ಹೇಳ್ರಿ."

ಅಣ್ಣಾರ ಎಂಬ ಮಾತು ಎದೆಗೆ ತಾಗಿತು. ಆದರೂ ನನ್ನ ನಾಲಿಗೆ "ನನಗೇನ ಗೊತ್ತವಾ" ಎಂದಿತು. ರಶೀದಾಬಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದುಹೋದಳು. ಅವಳು ಓಣಿ ತಿರುಗುವವರೆಗೆ ಶೋಭಾ ಅತ್ತ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಿಮ್ಮ ಅಜ್ಜಗ ಬಂಗಾರ ಇತ್ತು ಅಂತ ಈ ಮೂವತ್ತು ವರ್ಷದಾಗ ನೀವು ನನ್ನ ಮುಂದ ಒಮ್ಮೆರ ಅಂದಿಲ್ಲ," ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.

ಪಂಚಮಿಗೆ ಎರಡು ದಿನ ಇದ್ದಾಗ ಬಾಳೇಶ ಊರ ನಾಲ್ಕು ಜನರನ್ನು ಕೂಡಿಸಿ ವಖಾರಿಗೆ ಹೋದ. ಬಸವಲಿಂಗನ ಮಿಲ್ಲಿನಲ್ಲಿ ಎಲ್ಲರ ಮುಂದೆ ತೊಲೆ ಸೀಳಿಸಬೇಕು, ಬಂಗಾರ ಸಿಕ್ಕರೆ ಗುರುಪಾದಣ್ಣನಿಗೆ, ಇಲ್ಲದಿದ್ದರೆ ಗಫಾರ ಸಾಚಾ. ಅವನು ಜಗಳಕ್ಕೆ ಬರುತ್ತಾನೆಂದು ಎಲ್ಲರೂ ತೋಳೇರಿಸಿ ನಿಂತಿದ್ದರು. ಅವನು ಮಾತ್ರ "ಆತು. ಕಂಡಕ್ಟರ್ ಸಾಹೇಬ್ರು ಬರಬೇಕು. ಅವರಿಲ್ಲದ ಗರಗಸ ಹಚ್ಚೂದಿಲ್ಲ," ಎಂದನಂತೆ.

ನಾನು ಹೋದೆ. ಹೋಗದಿದ್ದರೆ ಯಾಕೆ ಎನ್ನುತ್ತಿದ್ದರು. ಕೊಯ್ದರೆ ಬಂಗಾರ ಸಿಗುವುದಿಲ್ಲ, ಮಾತು ಮುಗಿಯುತ್ತದೆ, ತೊಲೆಯೂ ಚೂರಾಗುತ್ತದೆ, ನನಗೆ ಒಳ್ಳೆಯದೇ ಎಂದು ದಾರಿಯಲ್ಲಿ ಸಮಾಧಾನ ಹೇಳಿಕೊಂಡೆ.

ಟ್ರ್ಯಾಕ್ಟರಿನಿಂದ ಆರು ಜನ ತೊಲೆ ಇಳಿಸಿ ಗರಗಸದ ಮುಂದಿನ ಗಾಲಿಗಳ ಮೇಲೆ ಇಟ್ಟರು. ಅಪ್ಪ ಬಳಿದ ಬಣ್ಣ ಅಲ್ಲಲ್ಲಿ ಎದ್ದಿತ್ತು. ಮೇಲಿನ ಮೈ ನನ್ನ ಕಡೆಗೇ ಇತ್ತು. ಬಸವಲಿಂಗ ಮಷೀನು ಹಚ್ಚಿದ. ಬಾಳೇಶ ಮುಂದೆ ಬಂದು ನಿಂತ. ಗಫಾರ ಎಂದಿನಂತೆ ತೊಲೆಯ ಮೇಲೆ ಕೈಯಿಟ್ಟ. ಹೆಸರು ಹೇಳಲಿಲ್ಲ. ತಲೆ ವಾರೆ ಮಾಡಿ ನನ್ನನ್ನು ನೋಡಿದ.

"ಕಂಡಕ್ಟರ್ ಸಾಹೇಬ್ರ, ಇದು ಯಾರ ಮನಿ ಕಟ್ಟಿಗಿ?"

"ನಮ್ಮ ಮನಿದು. ಊರಿಗೆಲ್ಲಾ ಗೊತ್ತೈತಿ."

"ಅಷ್ಟ ಸಾಲೂದಿಲ್ರಿ."

"ಏ, ಈ ನಾಟಕ ಸಾಕು!" ಎಂದ ಬಾಳೇಶ. "ಬಸವಲಿಂಗ, ಕೊಯ್ಯೋ!"

ನಾಟಕ. ಕಾಲು ತೊಳೆಯುತ್ತಿದ್ದ ನೀರು ಮತ್ತೆ ನನ್ನ ಪಾದದ ಮೇಲೆ ತಣ್ಣಗೆ ಬಿದ್ದಂತಾಯಿತು. ಅದು ನನ್ನ ಮಾತು. ಅವಳ ಮುಖಕ್ಕೆ ಹೇಳಿದ್ದು. ಈಗ ಅವಳ ತೊಲೆಗೆ ಇನ್ನೊಬ್ಬ ಹೇಳುತ್ತಿದ್ದಾನೆ, ನಾನು ನಿಂತು ಕೇಳುತ್ತಿದ್ದೇನೆ.

"ಬಂದ್ ಮಾಡು," ಎಂದೆ. ಮಷೀನಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಹೋಗಿ ಬಸವಲಿಂಗನ ಕೈ ಹಿಡಿದೆ. ಮಷೀನು ನಿಂತಿತು.

"ಇದರಾಗ ಬಂಗಾರ ಇಲ್ಲ. ನಮ್ಮ ಅಜ್ಜನ ಹಂತೇಲಿ ಬಂಗಾರ ಇದ್ದಿದ್ದ ಇಲ್ಲ. ಆ ಮಾತ ಹುಟ್ಟಿಸಿದಾಂವ ನಾನು. ನನ್ನ ತಂಗಿ ಕಾಡವ್ವಗ ಹಾವು ಕಡದಿಲ್ಲ. ಆಕಿ ಜೀವ ಕಳಕೊಂಡದ್ದು ಈ ತೊಲಿ ಕೆಳಗ. ಗಫಾರಭಾಯ್ ಕೇಳಿದ್ರು. ಏನೂ ಆಗಿಲ್ಲ ಅಂತ ನಾ ಸುಳ್ಳು ಹೇಳಿದೆ."

 ಮಗಳ ಜೋಕಾಲಿಗೆಂದು ಇದೇ ತೊಲೆಗೆ ಆಸೆಪಟ್ಟ ಬಾಳೇಶ ಎರಡು ಹೆಜ್ಜೆ ಹಿಂದೆ ಸರಿದು ಕಟ್ಟಿಗೆ ಪುಡಿಯ ಗುಡ್ಡೆಯ ಮೇಲೆ ಕುಸಿದು ಕೂತ.

ಗಫಾರ ಉಗುರಿನಿಂದ ಬಣ್ಣ ಕೆರೆದ. ಒಳಗಿನ ಮೇಣ ಉದುರಿತು.

"ಜೋಕಾಲಿ ಹಗ್ಗದ್ದು ಎರಡು ಗೆರಿ, ಇಲ್ಲೊಂದು, ಅಲ್ಲೊಂದು. ನಡುವ ಇದು ಕುಡಗೋಲಿನ ಏಟು. ಹಬ್ಬ ಮುಗದ ಮ್ಯಾಲೆ ಹಗ್ಗ ಬಿಚ್ಚತಾರ್ರಿ, ಕೊಯ್ಯೂದಿಲ್ಲ. ಅವತ್ತ ಏಣಿ ಮ್ಯಾಲೆ ನನಗ ಕೈಗೆ ಹತ್ತಿತ್ತು."

"ಗೊತ್ತಿದ್ದೂ ಊರ ಮುಂದ ಯಾಕ ಹೇಳಲಿಲ್ರಿ? ಇಷ್ಟೆಲ್ಲಾ ಅನ್ನಿಸಿಕೊಂಡ್ರಿ," ಎಂದ ಬಸವಲಿಂಗ.

"ಏನ ಹೇಳ್ಲಿ? ಗುರುತ ಗೊತ್ತಿತ್ತು, ಸಂಗತಿ ಗೊತ್ತಿರಲಿಲ್ಲ. ಬಾಜೂದವರು ಹಾವು ಅಂದ್ರು." ಗಫಾರ ನನ್ನ ಕಡೆ ತಿರುಗಿದ. "ಖರೆ ಹೇಳ್ತೇನ್ರಿ, ನನಗ ನಿಮ್ಮ ಮ್ಯಾಲ ಸಂಶೇ ಇತ್ತು. ನೀವ ಏನರ ಮಾಡಿ ಮುಚ್ಚಿಟ್ಟೀರೇನು ಅಂತ. ಎಂದರ ಯಾರರ ಕೇಳಿದ್ರ ತೋರಸಾಕ ಇರ್ಲಿ ಅಂತ ಇಟ್ಟಿದ್ದೆ. ದಿನಾ ನೀವು ಸ್ಕೂಟರ್ ಮ್ಯಾಲೆ ಬಂದ ನೋಡಿ ಹೋಗತಿದ್ರಿ. ಅದನ್ನೂ ನೋಡತಿದ್ದೆ."

ಎರಡು ವರ್ಷ ನಾನು ಅವನನ್ನು ಕಾದಿದ್ದೆ, ಅವನು ನನ್ನನ್ನು ಕಾದಿದ್ದ. ಅವನ ಸಂಶಯ ತಪ್ಪೆಂದು ಹೇಗೆ ಹೇಳಲಿ? ಮಾಡಲಿಲ್ಲವೇ ನಾನು?

"ಮೊದಲ ಆಕಿ ಏನರ ಹೇಳಿದ್ಳೇನ್ರಿ, ಯಾರ ಮುಂದರ?" ಎಂದು ಕೇಳಿದ. ದನಿ ಖಡಕ್ಕಾಗಿಯೇ ಇತ್ತು.

"ನನ್ನ ಮುಂದ ಹೇಳಿದ್ಳು. 'ಅಣ್ಣಾ, ಕಳಸಬ್ಯಾಡ, ಹೋದ್ರ ನಾ ಉಳಿಯೂದಿಲ್ಲ' ಅಂದ್ಳು. ಮುಖಾ ನೋಡಿದೆ. ಸುಳ್ಳ ಹೇಳಾಕತ್ತಾಳ ಅಂತ ತಿಳದೆ."

ಮೂವತ್ತು ವರ್ಷ ನುಂಗಿಕೊಂಡದ್ದು ಹೊರಗೆ ಬಂತು. ಅಷ್ಟು ಜನರ ನಡುವೆ ನಿಂತು ಅತ್ತೆ. ನಾಚಿಕೆ ಇತ್ತು, ಆದರೂ ಅಳು ನಿಲ್ಲಲಿಲ್ಲ.

ಗಫಾರ ತಲೆ ನೆಟ್ಟಗೆ ಮಾಡಿ ನನ್ನನ್ನು ನೋಡಿದ. ಅವನ ಎರಡೂ ಕಣ್ಣು ಒಟ್ಟಿಗೆ ಕಂಡದ್ದು ನನಗೆ ಅದೇ ಮೊದಲು. ಹೆತ್ತ ಮಗನ ಮಾತನ್ನೂ ಬಾಜೂ ಮನೆಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುವ ಆ ಮನುಷ್ಯ ಯಾರನ್ನೂ ಏನೂ ಕೇಳಲಿಲ್ಲ.

"ಖರೆ ಹೇಳಿದ್ಳ್ರಿ ಆಕಿ," ಎಂದ.

ಆಮೇಲೆ ಬಸವಲಿಂಗನಿಗೆ ಅಳತೆ ಹೇಳಿದ. ಮೂರು ಮೊಳದ ಹಲಗೆಗಳು, ಒಂದು ಬೆರಳು ದಪ್ಪ. ಕಬರಿನ ಅಳತೆ ಎಂದು ಬಸವಲಿಂಗನಿಗೆ ಗೊತ್ತು. ಇಂಥ ಸಾವು ಕಂಡ ಕಟ್ಟಿಗೆಯೆಲ್ಲ ಇಷ್ಟು ವರ್ಷ ಎಲ್ಲಿಗೆ ಹೋಗುತ್ತಿತ್ತು ಎಂಬುದು ನನಗೆ ಆಗ ತಿಳಿಯಿತು. ಇದರಲ್ಲಿ ಮಸಲತ್ತು ಹುಡುಕಿದವನು ನಾನು.

"ಬದುಕಿದ್ದವರು ಇದರ ಕೆಳಗ ಮಲಗೂದಿಲ್ರಿ," ಎಂದ ಗಫಾರ. "ಮಣ್ಣಾಗಿನವರು ಯಾರ ಮನಿದು ಅಂತ ಕೇಳೂದಿಲ್ಲ. ಅವರ ಮೈಮ್ಯಾಲ ಮಣ್ಣ ಬೀಳಲಾರ್ದಂಗ ತಡೀತೈತಿ."

ಬಸವಲಿಂಗ ಮಷೀನಿನ ಹಿಡಿಯ ಮೇಲೆ ಕೈಯಿಟ್ಟು ಕಾದ. ಬಾಳೇಶ ಎದ್ದು ತಲೆಯ ಮೇಲಿನ ಟೊಪ್ಪಿಗೆ ತೆಗೆದ. ನಮ್ಮ ಮನೆಯ ಹೆಸರು, ನಮ್ಮ ಅಪ್ಪನ ಹೆಸರು, ಇಲ್ಲವೇ ನನ್ನ ಹೆಸರು ಗಫಾರ ಕೂಗುತ್ತಾನೆಂದು ನಾನು ತಲೆ ತಗ್ಗಿಸಿದೆ. ಅವನು ತೊಲೆಯ ಮೇಲೆ, ಆ ಏಟಿನ ಮೇಲೆಯೇ ಅಂಗೈ ಇಟ್ಟು, ರಸ್ತೆಗೂ ಕೇಳುವಂತೆ ಕೂಗಿದ:

"ಕಲ್ಲೋಳಿ ಕಾಡವ್ವನ ತೊಲಿ!"